ಕರಿಹಲಗೆಯ ಮೇಲಿನ ಪಾನನಿರೋಧ: ವ್ಯಸನ ತಡೆಯುವ ಶಾಲಾಪಾಠದ ಚರಿತ್ರೆ

ಮಕ್ಕಳನ್ನು ಮದ್ಯ, ತಂಬಾಕು ಮತ್ತಿತರ ಅಮಲು ಪದಾರ್ಥಗಳಿಂದ ದೂರವಿಡುವ ಹೊಣೆ ಬಹುಕಾಲ ಮನೆಯ ಹಿರಿಯರದೂ ಧರ್ಮಸಂಸ್ಥೆಗಳದೂ ಆಗಿತ್ತು. ಆ ಹೊಣೆಯನ್ನು ಶಾಲೆಗೆ ವಹಿಸಿ, ಅದಕ್ಕೆಂದೇ ಕಾನೂನು ಮಾಡಿ, ಪಠ್ಯಪುಸ್ತಕ ಬರೆಸಿ, ಇಡೀ ದೇಶದ ತರಗತಿಗಳಲ್ಲಿ ಪಾಠ ಹೇಳಿಸುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆಯಿತು. ಬ್ಯಾಟರಿಯ ಬಲದಿಂದ ನಿಕೋಟಿನ್ ದ್ರವವನ್ನು ಬಿಸಿಮಾಡಿ ಅದರ ಆವಿಯನ್ನು ಎಳೆದುಕೊಳ್ಳುವ ಚಟ, ಎಂದರೆ ವೇಪಿಂಗ್, ಇಂದು ಹಲವು ದೇಶಗಳ ಶಾಲೆಗಳನ್ನು ಕಾಡುತ್ತಿದ್ದು, ಅದನ್ನು ತಡೆಯಲು ಹೊರಟಿರುವ ಪಾಠಕ್ರಮಗಳು ಹೊಸವೆಂಬಂತೆ ಕಂಡರೂ ಅವುಗಳ ಪ್ರತಿಯೊಂದು ಅಂಗಕ್ಕೂ ಅಮೆರಿಕದ ಹಿಂದಿನ ನೂರನಲವತ್ತು ವರ್ಷಗಳಲ್ಲಿ ಒಂದೊಂದು ಪೂರ್ವರೂಪ ಸಿಗುತ್ತದೆ. ಹೆದರಿಸುವ ಪಾಠ, ಮಾಹಿತಿ ನೀಡುವ ಪಾಠ, ಪ್ರತಿಜ್ಞೆ ಮಾಡಿಸುವ ಪಾಠ, ಅಭ್ಯಾಸ ಮಾಡಿಸುವ ಪಾಠ ಎಂದು ಈ ಬೋಧನೆ ರೂಪ ಬದಲಿಸುತ್ತ ಬಂದಿದೆ. ಈ ಚರಿತ್ರೆಯನ್ನು ಬಿಡಿಸಿ ನೋಡಿದರೆ ತಿಳಿಯುವ ಮುಖ್ಯ ಸಂಗತಿಯೆಂದರೆ, ಪಾಠ ಹೇಳುವವರ ಶ್ರದ್ಧೆಗಾಗಲಿ ಪಾಠದ ಜನಪ್ರಿಯತೆಗಾಗಲಿ ಮಕ್ಕಳ ನಡವಳಿಕೆಯ ಬದಲಾವಣೆಗೂ ನೇರ ಸಂಬಂಧವಿಲ್ಲ ಎಂಬುದು; ಈ ಸತ್ಯವನ್ನು ಒಪ್ಪಲು ಶಿಕ್ಷಣ ವ್ಯವಸ್ಥೆ ಪ್ರತಿ ಬಾರಿಯೂ ಹತ್ತಿಪ್ಪತ್ತು ವರ್ಷ ತಡಮಾಡಿತು.

1874ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಸ್ಥಾಪನೆಯಾದ ಮಹಿಳಾ ಕ್ರೈಸ್ತ ಪಾನನಿರೋಧ ಸಂಘ ಈ ಕಥೆಯ ಆರಂಭಬಿಂದು. ಪಾನನಿರೋಧವೆಂದರೆ ಮದ್ಯವನ್ನು ಸ್ವಇಚ್ಛೆಯಿಂದ ತ್ಯಜಿಸುವಂತೆ ಜನರನ್ನು ಒಲಿಸುವ ಚಳವಳಿ. ಸರ್ಕಾರವೇ ಮಾರಾಟವನ್ನು ನಿಲ್ಲಿಸುವ ಪಾನನಿಷೇಧಕ್ಕಿಂತ ಅದು ಭಿನ್ನವಾದುದು, ಆದರೆ ಮೊದಲನೆಯದರಲ್ಲಿ ತೊಡಗಿದವರು ಕ್ರಮೇಣ ಎರಡನೆಯದನ್ನು ಬಯಸಿದ್ದು ಸಹಜವಾಗಿತ್ತು. ಕುಡುಕ ಗಂಡಂದಿರಿಂದ ನೊಂದ ಹೆಂಗಸರ ಬದುಕನ್ನು ಹತ್ತಿರದಿಂದ ಬಲ್ಲ ಈ ಸಂಘದ ಸದಸ್ಯೆಯರಿಗೆ ಆ ಕಾಲದಲ್ಲಿ ಬಹುತೇಕ ಮತದಾನದ ಹಕ್ಕೇ ಇರಲಿಲ್ಲ; ಆದುದರಿಂದ ಮುಂದೆ ಮತದಾರರಾಗಲಿರುವ ಮಕ್ಕಳನ್ನು ಶಾಲೆಯಲ್ಲಿಯೇ ತಿದ್ದುವುದು ಅವರಿಗೆ ತೆರೆದಿದ್ದ ಕೆಲವೇ ದಾರಿಗಳಲ್ಲಿ ಒಂದಾಗಿತ್ತು. ಆ ದಾರಿಯನ್ನು ರೂಪಿಸಿದವರು ಮೇರಿ ಹಂಟ್. 1830ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಆಕೆ ಕೆಲಕಾಲ ವಿಜ್ಞಾನದ ಅಧ್ಯಾಪಕಿಯಾಗಿದ್ದವರು. ಮಗನ ರಸಾಯನಶಾಸ್ತ್ರದ ಓದಿಗೆ ನೆರವಾಗುತ್ತಿದ್ದ ದಿನಗಳಲ್ಲಿ ಮದ್ಯಸಾರದ ಗುಣಧರ್ಮಗಳ ಕಡೆ ಅವರ ಗಮನ ಹರಿಯಿತು. ಇಂಗ್ಲೆಂಡಿನ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಬರೆದ ಪಾನನಿರೋಧ ಪಾಠಪುಸ್ತಕವನ್ನು ಮ್ಯಾಸಚೂಸೆಟ್ಸ್‌ನ ಹೈಡ್ ಪಾರ್ಕ್ ಊರಿನ ಶಾಲೆಗಳಲ್ಲಿ ಬಳಸುವಂತೆ ಅವರು ಅಲ್ಲಿನ ಶಾಲಾಮಂಡಳಿಯನ್ನು ಒಪ್ಪಿಸಿದರು. ಊರೂರಿನ ಮಂಡಳಿಗಳನ್ನು ಹೀಗೆ ಒಂದೊಂದಾಗಿ ಒಲಿಸುವುದು ಆಗುವ ಕೆಲಸವಲ್ಲವೆಂದು ಬೇಗನೆ ಅರಿತ ಹಂಟ್, ನೇರವಾಗಿ ರಾಜ್ಯಗಳ ಶಾಸನಸಭೆಗಳಿಗೇ ಹೋದರು.

ಹಂಟ್ ಅವರ ಸಂಘಟನಾಶಕ್ತಿ ಬೆರಗು ಹುಟ್ಟಿಸುವಂಥದು. ಮದ್ಯ ಮತ್ತು ತಂಬಾಕಿನ ಪರಿಣಾಮಗಳನ್ನು ಶರೀರಶಾಸ್ತ್ರದ ಭಾಗವಾಗಿ ಕಡ್ಡಾಯವಾಗಿ ಬೋಧಿಸಬೇಕೆಂಬ ಮೊದಲ ಕಾನೂನು 1882ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಬಂತು. ಮರುವರ್ಷ ಮಿಷಿಗನ್ ಮತ್ತು ನ್ಯೂ ಹ್ಯಾಂಪ್‌ಶೈರ್, 1884ರಲ್ಲಿ ನ್ಯೂಯಾರ್ಕ್, 1885ರಲ್ಲಿ ಪೆನ್ಸಿಲ್ವೇನಿಯಾ ಅದನ್ನು ಅನುಸರಿಸಿದವು. 1886ರಲ್ಲಿ ಕೇಂದ್ರ ಸರ್ಕಾರದ ನೇರ ಆಡಳಿತವಿದ್ದ ಪ್ರದೇಶಗಳಿಗೂ ಸೈನಿಕ ಶಾಲೆಗಳಿಗೂ ಅನ್ವಯಿಸುವ ಕಾನೂನನ್ನು ಅಮೆರಿಕದ ಸಂಸತ್ತು ಅಂಗೀಕರಿಸಿತು. 1901ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನಿತ್ತು. ಮತದಾನದ ಹಕ್ಕಿಲ್ಲದ ಮಹಿಳೆಯರು ಎರಡು ದಶಕಗಳಲ್ಲಿ ಒಂದು ದೇಶದ ಪಠ್ಯಕ್ರಮವನ್ನೇ ಬದಲಿಸಿದ ಈ ಸಾಧನೆ ಶಿಕ್ಷಣದ ಚರಿತ್ರೆಯಲ್ಲಿ ವಿರಳವಾದುದು. ಕಾನೂನು ಬಂದ ಮೇಲೆ ಹಂಟ್ ಪಠ್ಯಪುಸ್ತಕಗಳತ್ತ ತಿರುಗಿದರು. ಕೆಳ ತರಗತಿಗಳ ಶರೀರಶಾಸ್ತ್ರ ಪುಸ್ತಕದಲ್ಲಿ ಕನಿಷ್ಠ ನಾಲ್ಕನೆಯ ಒಂದು ಭಾಗ ಮದ್ಯ ಮತ್ತು ತಂಬಾಕಿಗೆ ಮೀಸಲಾಗಿರಬೇಕು, ಆ ವಿಷಯವನ್ನು ಪುಸ್ತಕದ ಕೊನೆಗೆ ಅನುಬಂಧದಂತೆ ತಳ್ಳಬಾರದು, ಮದ್ಯಸಾರವನ್ನು ವಿಷವೆಂದೇ ಹೆಸರಿಸಬೇಕು, ಅಲ್ಪ ಪ್ರಮಾಣವೂ ಹೆಚ್ಚಿನದಕ್ಕೆ ಹಂಬಲ ಹುಟ್ಟಿಸುತ್ತದೆಂದು ಹೇಳಬೇಕು ಎಂಬ ಮಾನದಂಡಗಳನ್ನು ಅವರು ಮುಂದಿಟ್ಟರು. ಅದಕ್ಕೆ ಒಪ್ಪಿದ ಪುಸ್ತಕಗಳಿಗೆ ಅನುಮೋದನೆ ದೊರೆಯುತ್ತಿತ್ತು, ಒಪ್ಪದ ಪ್ರಕಾಶಕರಿಗೆ ಮಾರುಕಟ್ಟೆ ಕುಗ್ಗುತ್ತಿತ್ತು.

ತೊಡಕು ಹುಟ್ಟಿದ್ದು ಇಲ್ಲಿಯೇ. ವಿಜ್ಞಾನದ ಹೆಸರಿನಲ್ಲಿ ನಡೆಯುತ್ತಿದ್ದ ಬೋಧನೆಯಲ್ಲಿ ವಿಜ್ಞಾನ ಎಷ್ಟಿದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೇ ಎತ್ತಿದರು. ಮದ್ಯದ ಸಮಸ್ಯೆಯನ್ನು ನಿಷ್ಪಕ್ಷಪಾತವಾಗಿ ಅಧ್ಯಯನ ಮಾಡಲೆಂದು 1893ರಲ್ಲಿ ವಿದ್ವಾಂಸರೂ ಸಾರ್ವಜನಿಕ ಗಣ್ಯರೂ ಸೇರಿ ಐವತ್ತು ಜನರ ಸಮಿತಿ ಎಂಬುದನ್ನು ರಚಿಸಿಕೊಂಡರು. ವೆಸ್ಲಿಯನ್ ವಿಶ್ವವಿದ್ಯಾಲಯದ ವಿಲ್ಬರ್ ಅಟ್‌ವಾಟರ್, ಮನುಷ್ಯನೊಬ್ಬ ಒಳಗೆ ವಾಸಿಸಬಹುದಾದ ಉಷ್ಣಮಾಪಕ ಕೋಣೆಯೊಂದರಲ್ಲಿ, ಎಂದರೆ ದೇಹ ಹೊರಸೂಸುವ ಶಾಖವನ್ನು ಕರಾರುವಾಕ್ಕಾಗಿ ಅಳೆಯುವ ಕೋಣೆಯಲ್ಲಿ, ಪ್ರಯೋಗಗಳನ್ನು ನಡೆಸಿ, ಅಲ್ಪ ಪ್ರಮಾಣದ ಮದ್ಯಸಾರ ದೇಹದಲ್ಲಿ ಉರಿದು ಶಕ್ತಿ ಕೊಡುತ್ತದೆಂದು 1899ರಲ್ಲಿ ಪ್ರಕಟಿಸಿದರು. ಮದ್ಯ ಒಳ್ಳೆಯದೆಂದು ಅವರು ಹೇಳಿರಲಿಲ್ಲ. ಯಾವ ಅರ್ಥದಲ್ಲೂ ಅದು ಆಹಾರವಲ್ಲವೆಂದು ಮಕ್ಕಳಿಗೆ ಕಲಿಸುತ್ತಿದ್ದ ಮಾತು ನಿಜವಲ್ಲವೆಂದಷ್ಟೇ ಹೇಳಿದ್ದರು. ಸಮಿತಿಯ ಪರವಾಗಿ ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ಹೆನ್ರಿ ಬೌಡಿಚ್ ಮತ್ತು ಕ್ಲಿಫ್ಟನ್ ಹಾಜ್ ಶಾಲಾಪುಸ್ತಕಗಳನ್ನು ಪರಿಶೀಲಿಸಿದರು. 1903ರಲ್ಲಿ ಪ್ರಕಟವಾದ ವರದಿ ಆ ಬೋಧನೆ ವಿಜ್ಞಾನವೂ ಅಲ್ಲ, ಒಳ್ಳೆಯ ಶಿಕ್ಷಣವೂ ಅಲ್ಲ ಎಂಬ ನಿಲುವು ತಳೆಯಿತು. ಹಂಟ್ ಅದಕ್ಕೆ ದೀರ್ಘವಾದ ಉತ್ತರ ಬರೆದರು. 1906ರಲ್ಲಿ ಅವರು ತೀರಿಕೊಂಡ ಬಳಿಕ ಚಳವಳಿಯ ಈ ಶಾಖೆಯ ಬಿಗಿ ಸಡಿಲವಾಯಿತಾದರೂ, ಅದರ ಪಾಠ ಕೇಳಿ ಬೆಳೆದ ಪೀಳಿಗೆಯೇ 1920ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಾನನಿಷೇಧಕ್ಕೆ ನೆಲ ಹದಮಾಡಿತೆಂದು ನಂಬಿದವರು ಅನೇಕರಿದ್ದರು. ಆ ನಿಷೇಧ 1933ರಲ್ಲಿ ರದ್ದಾಯಿತು.

ಹಂಟ್ ಅವರ ಉದ್ದೇಶದ ಶುದ್ಧತೆಯನ್ನು ಅನುಮಾನಿಸಲು ಕಾರಣವಿಲ್ಲ, ಮದ್ಯದ ಕೇಡಿನ ಬಗ್ಗೆ ಅವರು ಹೇಳಿದ್ದರಲ್ಲಿ ಬಹಳಷ್ಟು ಸರಿಯೂ ಆಗಿತ್ತು. ಆದರೆ ಶ್ರೇಯಸ್ಕರವಾದ ಗುರಿಗಾಗಿ ಸತ್ಯವನ್ನು ತುಸು ಹಿಗ್ಗಿಸಿದರೆ ತಪ್ಪಿಲ್ಲ ಎಂಬ ಒಂದು ರೂಢಿಯನ್ನು ಅವರ ಪಾಠಕ್ರಮ ಬಿಟ್ಟುಹೋಯಿತು, ಮತ್ತು ಅದರ ಬೆಲೆಯನ್ನು ಮುಂದಿನ ತಲೆಮಾರುಗಳು ತೆತ್ತವು. ಗಾಂಜಾ ಸೇದಿದವರು ಹುಚ್ಚರೂ ಕೊಲೆಗಡುಕರೂ ಆಗುತ್ತಾರೆಂದು ತಂದೆತಾಯಿಗಳನ್ನು ಎಚ್ಚರಿಸಲು 1936ರಲ್ಲಿ ತೆಗೆದ ರೀಫರ್ ಮ್ಯಾಡ್‌ನೆಸ್ ಎಂಬ ಚಿತ್ರ ಇದಕ್ಕೆ ಪ್ರಸಿದ್ಧ ನಿದರ್ಶನ. 1970ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳು ಅದೇ ಚಿತ್ರವನ್ನು ನಗಲೆಂದೇ ನೋಡತೊಡಗಿದರು. ಹದಿಹರೆಯದ ಹುಡುಗನೊಬ್ಬ ತನಗೆ ಹೇಳಿದ ಒಂದು ಮಾತು ಉತ್ಪ್ರೇಕ್ಷೆಯೆಂದು ಕಣ್ಣಾರೆ ಕಂಡ ಮೇಲೆ, ಅದೇ ಬಾಯಿಂದ ಬಂದ ನಿಜವಾದ ಎಚ್ಚರಿಕೆಗಳನ್ನೂ ನಂಬದೆ ಹೋಗುವುದು ಈ ಬಗೆಯ ಪಾಠದ ಅತಿ ದೊಡ್ಡ ನಷ್ಟ.

1960ರ ದಶಕದಲ್ಲಿ ಎರಡು ಬೆಳವಣಿಗೆಗಳು ಶಾಲೆಯನ್ನು ಮತ್ತೆ ಈ ಕೆಲಸಕ್ಕೆ ಎಳೆದವು. 1964ರ ಜನವರಿಯಲ್ಲಿ ಅಮೆರಿಕದ ಮುಖ್ಯ ಆರೋಗ್ಯಾಧಿಕಾರಿ, ಸರ್ಜನ್ ಜನರಲ್ ಎಂದು ಕರೆಯಲಾಗುವ ಪದವಿಯಲ್ಲಿದ್ದ ಲೂಥರ್ ಟೆರಿ, ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾರುವ ವರದಿಯನ್ನು ಬಿಡುಗಡೆ ಮಾಡಿದರು. ಅದೇ ದಶಕದ ಕೊನೆಗೆ ಮಧ್ಯಮವರ್ಗದ ಯುವಜನರಲ್ಲಿ ಗಾಂಜಾ ಮತ್ತಿತರ ಮಾದಕ ವಸ್ತುಗಳ ಬಳಕೆ ಹೆಚ್ಚಿತು. ನಿಜಾಂಶಗಳನ್ನು ತಿಳಿಸಿದರೆ ಮಕ್ಕಳು ತಾವಾಗಿಯೇ ದೂರವಿರುತ್ತಾರೆಂಬ ನಂಬಿಕೆಯಿಂದ ಚಲನಚಿತ್ರ, ಕರಪತ್ರ, ಉಪನ್ಯಾಸಗಳು ಶಾಲೆಗಳಿಗೆ ಹರಿದುಬಂದವು. 1970ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾನೂನು ಸಹ ಆಯಿತು. ಮಕ್ಕಳ ತಿಳಿವಳಿಕೆ ಹೆಚ್ಚಿತೇ ಹೊರತು ಬಳಕೆ ಕಡಿಮೆಯಾದುದಕ್ಕೆ ಪುರಾವೆ ದೊರೆಯಲಿಲ್ಲ. ಪೆನ್ಸಿಲ್ವೇನಿಯಾದ ಮಾಜಿ ರಾಜ್ಯಪಾಲ ರೇಮಂಡ್ ಶೇಫರ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1973ರ ವರದಿಯಲ್ಲಿ, ಪರಿಣಾಮ ತಿಳಿಯುವವರೆಗೆ ಶಾಲೆಗಳಲ್ಲಿ ಮಾದಕ ವಸ್ತು ಕುರಿತ ಹೊಸ ಪಾಠಕ್ರಮಗಳಿಗೆ ವಿರಾಮ ನೀಡುವುದೇ ಲೇಸೆಂದು ಶಿಫಾರಸು ಮಾಡಿತು. ಸರ್ಕಾರದ ಆಯೋಗವೊಂದು ಸದುದ್ದೇಶದ ಪಾಠವನ್ನು ನಿಲ್ಲಿಸಿ ಎನ್ನುವುದು ಅಪರೂಪ. ಆ ಧೈರ್ಯಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಈ ವಿಫಲತೆಯ ಕಾರಣವನ್ನು ಹುಡುಕಿದವರು ಮನಶ್ಶಾಸ್ತ್ರಜ್ಞರು. ಹ್ಯೂಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಇವಾನ್ಸ್ ಎಪ್ಪತ್ತರ ದಶಕದ ನಡುವೆ ಏಳನೆಯ ತರಗತಿಯ ಮಕ್ಕಳೊಂದಿಗೆ ಕೆಲಸಮಾಡುತ್ತ ಕಂಡುಕೊಂಡ ವಿಷಯ ಸರಳವಾದರೂ ನಿರ್ಣಾಯಕವಾಗಿತ್ತು: ಸಿಗರೇಟು ಅಪಾಯಕಾರಿಯೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು, ಆದರೆ ಆ ಅಪಾಯ ನಲವತ್ತು ವರ್ಷಗಳ ಆಚೆಗಿನದು, ಜೊತೆಗಾರರು ಕೈಗೆ ಕೊಡುವ ಸಿಗರೇಟು ಈ ಕ್ಷಣದ್ದು. ಹಾಗಾಗಿ ಕಲಿಸಬೇಕಾದುದು ರೋಗಗಳ ಪಟ್ಟಿಯನ್ನಲ್ಲ, ಒತ್ತಡವನ್ನು ಗುರುತಿಸಿ ಎದುರಿಸುವ ಬಗೆಯನ್ನು ಎಂದು ಅವರು ವಾದಿಸಿದರು. ಇದಕ್ಕೆ ಆಧಾರವಾದದ್ದು ವಿಲಿಯಂ ಮೆಗೈರ್ ಅವರು ಅರವತ್ತರ ದಶಕದಲ್ಲಿ ಮಂಡಿಸಿದ್ದ ಲಸಿಕೆಯ ಸಿದ್ಧಾಂತ. ದುರ್ಬಲಗೊಳಿಸಿದ ರೋಗಾಣುವನ್ನು ಚುಚ್ಚಿ ದೇಹವನ್ನು ಸಿದ್ಧಗೊಳಿಸುವ ಹಾಗೆ, ಮನವೊಲಿಸುವ ವಾದವೊಂದರ ಸೌಮ್ಯರೂಪವನ್ನು ಮೊದಲೇ ಪರಿಚಯಿಸಿ ಅದಕ್ಕೆ ಉತ್ತರ ಕೊಡುವ ಅಭ್ಯಾಸ ಮಾಡಿಸಿದರೆ, ನಿಜವಾದ ಒತ್ತಡ ಎದುರಾದಾಗ ಮನಸ್ಸು ಬಾಗುವುದಿಲ್ಲ ಎಂಬುದು ಅದರ ಸಾರ. ಇವಾನ್ಸ್ ಕೈಗೊಂಡ ಇನ್ನೊಂದು ಕ್ರಮವೂ ಉಲ್ಲೇಖಾರ್ಹ: ಜೊಲ್ಲಿನ ಮಾದರಿಯಿಂದ ಧೂಮಪಾನವನ್ನು ಪತ್ತೆಹಚ್ಚಬಹುದೆಂದು ಮಕ್ಕಳಿಗೆ ಮೊದಲು ತೋರಿಸಿ, ಅನಂತರ ಪ್ರಶ್ನೆ ಕೇಳಿ, ಉತ್ತರಗಳು ಹೆಚ್ಚು ಪ್ರಾಮಾಣಿಕವಾಗುವಂತೆ ಅವರು ನೋಡಿಕೊಂಡರು. ಪಾಠವನ್ನು ಮೆಚ್ಚಿದಿರಾ ಎಂದು ಕೇಳುವ ಬದಲು ಸೇದಿದಿರಾ ಎಂದು ಕೇಳಿ, ಉತ್ತರವನ್ನು ಪರೀಕ್ಷಿಸುವ ಶಿಸ್ತು ಈ ಕ್ಷೇತ್ರಕ್ಕೆ ಬಂದದ್ದರಲ್ಲಿ ಇಂಥ ಕೆಲಸದ ಪಾಲು ದೊಡ್ಡದು.

ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಗಿಲ್ಬರ್ಟ್ ಬೊಟ್ವಿನ್ ಇದನ್ನು ಇನ್ನಷ್ಟು ವಿಸ್ತರಿಸಿದರು. ಜೀವನ ಕೌಶಲ ತರಬೇತಿ ಎಂದು ಹೆಸರಾದ ಅವರ ಪಾಠಕ್ರಮದಲ್ಲಿ ಸಿಗರೇಟು ಮತ್ತು ಮದ್ಯದ ಮಾತಿಗಿಂತ ಹೆಚ್ಚಾಗಿ ನಿರ್ಧಾರ ತೆಗೆದುಕೊಳ್ಳುವುದು, ಆತಂಕವನ್ನು ನಿಭಾಯಿಸುವುದು, ಜಾಹೀರಾತನ್ನು ಬಿಡಿಸಿ ನೋಡುವುದು, ಗೆಳೆತನ ಕೆಡದಂತೆ ಬೇಡವೆನ್ನುವುದು ಮುಂತಾದವುಗಳ ಅಭ್ಯಾಸವಿತ್ತು; ಪಾಠ ಒಂದು ವರ್ಷಕ್ಕೆ ಮುಗಿಯದೆ ಮುಂದಿನ ಎರಡು ವರ್ಷ ಪುನರಾವರ್ತನೆಯ ತರಗತಿಗಳಿರುತ್ತಿದ್ದವು. ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ಏಳನೆಯ ತರಗತಿಯಿಂದ ಆರಂಭಿಸಿದ ಅಧ್ಯಯನದ ಫಲಿತಾಂಶ 1995ರಲ್ಲಿ ಪ್ರಕಟವಾದಾಗ, ಹನ್ನೆರಡನೆಯ ತರಗತಿ ಮುಟ್ಟಿದ ಮಕ್ಕಳಲ್ಲೂ ಬಳಕೆ ಕಡಿಮೆಯಿರುವುದು ಕಂಡುಬಂತು. ಇದೇ ಹೊತ್ತಿಗೆ ವಿಲಿಯಂ ಹ್ಯಾನ್ಸನ್ ಮತ್ತು ಜಾನ್ ಗ್ರಹಾಂ 1991ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ಅಂಶವನ್ನು ಬೆಳಕಿಗೆ ತಂದಿತು. ತಮ್ಮ ವಯಸ್ಸಿನವರಲ್ಲಿ ಕುಡಿಯುವವರು, ಸೇದುವವರು ಎಷ್ಟು ಮಂದಿ ಎಂದು ಕೇಳಿದರೆ ಮಕ್ಕಳು ನಿಜಕ್ಕಿಂತ ಬಹಳ ಹೆಚ್ಚಿನ ಅಂದಾಜು ಹೇಳುತ್ತಾರೆ. ಎಲ್ಲರೂ ಮಾಡುತ್ತಾರೆ ಎಂಬ ಈ ತಪ್ಪುಕಲ್ಪನೆಯನ್ನು ತಿದ್ದುವುದು, ಬೇಡವೆನ್ನುವ ತರಬೇತಿಯೊಂದನ್ನೇ ಕೊಡುವುದಕ್ಕಿಂತ ಹೆಚ್ಚು ಫಲಕಾರಿಯಾಯಿತು. ಹೆದರಿಸುವ ಪಾಠಗಳು ಎಲ್ಲೆಡೆ ವ್ಯಸನ ಹಬ್ಬಿದೆಯೆಂದು ಕೂಗಿ ಹೇಳುವಾಗ, ತಮಗೆ ಅರಿವಿಲ್ಲದೆಯೇ ಆ ತಪ್ಪುಕಲ್ಪನೆಗೆ ನೀರೆರೆಯುತ್ತಿದ್ದವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂಶೋಧನೆ ಈ ದಿಕ್ಕಿನಲ್ಲಿ ಸಾಗಿದ್ದರೂ ಶಾಲೆಗಳು ಅಪ್ಪಿಕೊಂಡದ್ದು ಬೇರೆಯದನ್ನು. 1983ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಮತ್ತು ಆ ನಗರದ ಶಾಲಾಡಳಿತ ಸೇರಿ ಆರಂಭಿಸಿದ, ಮಾದಕ ವಸ್ತುಗಳನ್ನು ತಡೆಯುವ ಡೇರ್ ಕಾರ್ಯಕ್ರಮದಲ್ಲಿ, ಸಮವಸ್ತ್ರ ತೊಟ್ಟ ಪೊಲೀಸ್ ಅಧಿಕಾರಿ ಐದು ಆರನೆಯ ತರಗತಿಗಳಿಗೆ ಬಂದು 17 ಪಾಠಗಳನ್ನು ಹೇಳುತ್ತಿದ್ದರು. ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರ 'ಬೇಡ ಎನ್ನಿ' ಪ್ರಚಾರ, ಕೊಕೇನ್ ಹಾವಳಿಯ ಸುದ್ದಿಗಳು, 1986ರ ಮಾದಕಮುಕ್ತ ಶಾಲೆಗಳ ಕಾನೂನಿನಿಂದ ಹರಿದ ಹಣ ಇವೆಲ್ಲ ಸೇರಿ ಡೇರ್ ಕೆಲವೇ ವರ್ಷಗಳಲ್ಲಿ ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿ ಹಲವು ವಿದೇಶಗಳಿಗೂ ಹೋಯಿತು. ಪೋಷಕರಿಗೆ ಅದು ಮೆಚ್ಚಾಯಿತು, ಪೊಲೀಸರಿಗೆ ಊರಿನೊಂದಿಗೆ ಸ್ನೇಹದ ದಾರಿಯಾಯಿತು, ಮಕ್ಕಳಿಗೆ ಪ್ರಮಾಣಪತ್ರವೂ ಅಂಗಿಯೂ ಸಿಕ್ಕವು. ಆದರೆ ಸೂಸನ್ ಎನ್ನೆಟ್ ಮತ್ತು ಸಂಗಡಿಗರು ಅದುವರೆಗಿನ ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಮಾದಕ ವಸ್ತುಗಳ ಬಳಕೆಯ ಮೇಲೆ ಅದರ ಪರಿಣಾಮ ತೀರ ಅಲ್ಪವೆಂದು ತಿಳಿಯಿತು. ಕೆಂಟಕಿ ರಾಜ್ಯದಲ್ಲಿ ಪಾಠ ಕೇಳಿದ ಮಕ್ಕಳನ್ನು ಹತ್ತು ವರ್ಷಗಳ ಬಳಿಕ ಹುಡುಕಿ ಮಾಡಿದ 1999ರ ಅಧ್ಯಯನದಲ್ಲಿ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಷ್ಟಾದರೂ ಮೂಲ ಪಾಠಕ್ರಮವನ್ನು ಕೈಬಿಟ್ಟು ಸಂಶೋಧನೆಯ ಆಧಾರವಿದ್ದ ಮತ್ತೊಂದನ್ನು ಡೇರ್ ಅಳವಡಿಸಿಕೊಂಡದ್ದು 2009ರಲ್ಲಿ. ನಡುವಿನ ಹದಿನೈದು ವರ್ಷಗಳಲ್ಲಿ ತರಗತಿಯಲ್ಲಿ ಕಳೆದ ಗಂಟೆಗಳನ್ನು ಯಾವ ಸಮೀಕ್ಷೆಯೂ ಮಕ್ಕಳಿಗೆ ಹಿಂದಿರುಗಿಸಲಾರದು.

ಆದರೆ ವೈಜ್ಞಾನಿಕವಾಗಿ ರೂಪಿಸಿದ ಪಾಠವೆಲ್ಲ ಗೆದ್ದಿತೆಂದು ತಿಳಿಯುವುದೂ ಸರಿಯಲ್ಲ. ವಾಷಿಂಗ್ಟನ್ ರಾಜ್ಯದ 40 ಶಾಲಾ ಜಿಲ್ಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂರನೆಯ ತರಗತಿಯಿಂದ ಪ್ರೌಢಶಾಲೆಯ ಕೊನೆಯವರೆಗೆ ಅನುಸರಿಸಿದ ಹಚಿನ್ಸನ್ ಯೋಜನೆ, ಸಾಮಾಜಿಕ ಒತ್ತಡವನ್ನು ಎದುರಿಸುವ ಪಾಠಗಳನ್ನು ಬಹಳ ಅಚ್ಚುಕಟ್ಟಾಗಿ ನಡೆಸಿಯೂ ಧೂಮಪಾನದಲ್ಲಿ ಯಾವ ಇಳಿಕೆಯನ್ನೂ ಕಾಣಲಿಲ್ಲವೆಂದು 2000ದಲ್ಲಿ ವರದಿ ಮಾಡಿತು. ಆ ಕಾಲವನ್ನು ನೆನೆದರೆ ಇದು ಆಶ್ಚರ್ಯವಲ್ಲ: ತರಗತಿಯಲ್ಲಿ ಶಿಕ್ಷಕರು ಬೇಡವೆನ್ನಲು ಕಲಿಸುತ್ತಿದ್ದಾಗ ಹೊರಗೆ ಸಿಗರೇಟು ಅಗ್ಗವಾಗಿ ಸಿಗುತ್ತಿತ್ತು, ಜಾಹೀರಾತು ಬೀದಿಬೀದಿಯಲ್ಲಿತ್ತು. 1997ರಲ್ಲಿ ಅಮೆರಿಕದ ಹನ್ನೆರಡನೆಯ ತರಗತಿಯ ಮಕ್ಕಳಲ್ಲಿ ಶೇ 36.5ರಷ್ಟು ಮಂದಿ ಹಿಂದಿನ ಮೂವತ್ತು ದಿನಗಳಲ್ಲಿ ಸಿಗರೇಟು ಸೇದಿದ್ದರು. 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳೊಂದಿಗೆ ಮಾಡಿಕೊಂಡ ಒಪ್ಪಂದ, ಅದರಿಂದಾದ ಬೆಲೆ ಏರಿಕೆ, ಜಾಹೀರಾತಿನ ನಿರ್ಬಂಧ, ತೆರಿಗೆ, ಧೂಮಪಾನ ನಿಷೇಧಿತ ಸ್ಥಳಗಳು ಇವೆಲ್ಲ ಬಂದ ಮೇಲೆ ಎರಡು ದಶಕಗಳಲ್ಲಿ ಆ ಪ್ರಮಾಣ ಶೇ 6ಕ್ಕೂ ಕೆಳಗಿಳಿಯಿತು. ತಂಬಾಕು ಉದ್ಯಮವೇ ಎಂಬತ್ತು ತೊಂಬತ್ತರ ದಶಕಗಳಲ್ಲಿ ಯುವಜನರಿಗಾಗಿ ತಡೆ ಕಾರ್ಯಕ್ರಮಗಳನ್ನು ಪ್ರಾಯೋಜಿಸಿತ್ತು. ಧೂಮಪಾನ ದೊಡ್ಡವರ ಆಯ್ಕೆ, ಮಕ್ಕಳಿಗಲ್ಲ ಎಂಬ ಧ್ವನಿಯ ಆ ಪಾಠಗಳು, ಬೇಗ ದೊಡ್ಡವರಾಗಬಯಸುವ ವಯಸ್ಸಿಗೆ ಸಿಗರೇಟನ್ನು ಇನ್ನಷ್ಟು ಆಕರ್ಷಕವಾಗಿಸುವಂಥವು. ಬೆಲೆ ಮತ್ತು ಮಾರಾಟದ ಮೇಲಿನ ನಿರ್ಬಂಧಗಳ ಬಗ್ಗೆ ಅವು ತುಟಿಬಿಚ್ಚುತ್ತಿರಲಿಲ್ಲ.

ಸಿಗರೇಟು ಇಳಿಮುಖವಾಗಿದ್ದ ಈ ಹೊತ್ತಿನಲ್ಲಿಯೇ ವೇಪಿಂಗ್ ಶಾಲೆಯೊಳಗೆ ಕಾಲಿಟ್ಟಿತು. ಚೀನಾದ ಔಷಧ ತಜ್ಞ ಹೋನ್ ಲಿಕ್ 2003ರ ವೇಳೆಗೆ ರೂಪಿಸಿದ ಇ-ಸಿಗರೇಟು, ಸೇದುವವರಿಗೆ ಹೊಗೆಯಿಲ್ಲದ ಬದಲಿಯೆಂದು ಹುಟ್ಟಿದ ಸಾಧನ. ಆದರೆ 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಬ್ರ್ಯಾಂಡು ಪೆನ್‌ಡ್ರೈವ್‌ನಂತೆ ಕಾಣುವ ಆಕಾರ, ಮಾವು ಪುದೀನ ಮುಂತಾದ ಸ್ವಾದ, ಗಂಟಲು ಉರಿಯದೆ ಹೆಚ್ಚು ನಿಕೋಟಿನ್ ಒಳಸೇರಿಸುವ ನಿಕೋಟಿನ್ ಲವಣದ ಬಳಕೆ ಇವುಗಳಿಂದ ಹದಿಹರೆಯದವರಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇ-ಸಿಗರೇಟು ಬಳಸುತ್ತಿದ್ದವರು 2017ರಲ್ಲಿ ಶೇ 11.7ರಷ್ಟಿದ್ದು ಮರುವರ್ಷ ಶೇ 20.8ಕ್ಕೂ 2019ರಲ್ಲಿ ಶೇ 27.5ಕ್ಕೂ ಏರಿದರು, 2018ರ ಡಿಸೆಂಬರಿನಲ್ಲಿ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಇದನ್ನು ಸಾಂಕ್ರಾಮಿಕವೆಂದು ಸಾರಿದರು. ಜೂಲ್ ಕಂಪನಿಯೂ ತಂಬಾಕು ಉದ್ಯಮದ ಹಾದಿ ಹಿಡಿದು ಶಾಲೆಗಳಿಗೆ ತಡೆ ಪಾಠಕ್ರಮ ಕೊಡಲು ಮುಂದಾಗಿತ್ತು, ಟೀಕೆ ಬಂದ ಮೇಲೆ ನಿಲ್ಲಿಸಿತು. 2019ರಲ್ಲಿ ಸಂಸತ್ತಿನ ಉಪಸಮಿತಿಯೊಂದು ಈ ಬಗ್ಗೆ ವಿಚಾರಣೆ ನಡೆಸಿತು. ಸ್ವತಂತ್ರವಾದ ಪಾಠಕ್ರಮಗಳು ಬಂದದ್ದು ಸ್ಟ್ಯಾನ್‌ಫರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರಿಂದ. ಇವಾನ್ಸ್ ಮತ್ತು ಬೊಟ್ವಿನ್ ಹಾಕಿಕೊಟ್ಟ ಚೌಕಟ್ಟಿನಲ್ಲಿಯೇ ಅವು ಜಾಹೀರಾತಿನ ತಂತ್ರ, ಗೆಳೆಯರ ಒತ್ತಡ, ಸಮವಯಸ್ಕರ ಬಳಕೆಯ ನಿಜವಾದ ಪ್ರಮಾಣ ಇವುಗಳನ್ನು ಚರ್ಚಿಸುತ್ತವೆ.

ವೇಪಿಂಗ್ ಪಾಠಕ್ಕೂ ಹಂಟ್ ಅವರ ಕಾಲದ ಪರೀಕ್ಷೆ ಎದುರಾಯಿತು. 2019ರಲ್ಲಿ ಅಮೆರಿಕದ ವೇಪಿಂಗ್ ಬಳಕೆದಾರರಲ್ಲಿ ಕಾಣಿಸಿಕೊಂಡ ತೀವ್ರ ಶ್ವಾಸಕೋಶ ಹಾನಿಯಿಂದ 2020ರ ಫೆಬ್ರುವರಿಯ ವೇಳೆಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಇಲ್ಲವೇ ಸತ್ತಿದ್ದರು. ಸತ್ತವರು 68 ಮಂದಿ. ಅದಕ್ಕೆ ಮುಖ್ಯ ಕಾರಣ ಕಳ್ಳಮಾರುಕಟ್ಟೆಯ ಗಾಂಜಾಸಾರದ ದ್ರವದಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂದು ತನಿಖೆ ತೋರಿಸಿತು. ಪ್ರತಿ ಇ-ಸಿಗರೇಟೂ ಹೀಗೆಯೇ ಶ್ವಾಸಕೋಶವನ್ನು ಸುಡುತ್ತದೆಂದು ತರಗತಿಯಲ್ಲಿ ಹೇಳುವುದು ಸುಲಭ. ಆದರೆ ನಿಕೋಟಿನ್ ಎಳೆಯ ಮಿದುಳನ್ನು ಬೇಗ ದಾಸ್ಯಕ್ಕೆ ಒಳಪಡಿಸುತ್ತದೆಂಬ ನಿಜವೊಂದೇ ಸಾಕಷ್ಟು ಬಲವಾಗಿರುವಾಗ, ಅದರ ಪಕ್ಕದಲ್ಲಿ ಅರೆನಿಜವನ್ನು ನಿಲ್ಲಿಸುವುದು ನಿಜವನ್ನೇ ಕಳೆದುಕೊಂಡಂತೆ. 2024ರ ವೇಳೆಗೆ ಪ್ರೌಢಶಾಲೆಗಳಲ್ಲಿ ಬಳಕೆ ಶೇ 7.8ಕ್ಕೆ ಇಳಿಯಿತು. ನಡುವೆ ಮಾರಾಟದ ವಯೋಮಿತಿ 21ಕ್ಕೆ ಏರಿತ್ತು, ಹಣ್ಣಿನ ಸ್ವಾದಗಳ ಮೇಲೆ ನಿರ್ಬಂಧ ಬಂದಿತ್ತು, ಕೋವಿಡ್ ಕಾಲದಲ್ಲಿ ಶಾಲೆಗಳೇ ಮುಚ್ಚಿದ್ದವು. ಆದ್ದರಿಂದ ಇಳಿಕೆಯ ಶ್ರೇಯವನ್ನು ಪಾಠವೊಂದಕ್ಕೇ ಕೊಡಲಾಗದು.

ಭಾರತದಲ್ಲಿ ಈ ಪಾಠ ತಡವಾಗಿ ಬಂದರೂ, ಬರುವಾಗ ಸುಧಾರಿಸಿದ ರೂಪದಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣದ ಚೌಕಟ್ಟನ್ನು ಪ್ರಕಟಿಸಿ ಹತ್ತು ಕೌಶಲಗಳನ್ನು ಹೆಸರಿಸಿತು; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅದನ್ನು ಪ್ರೌಢಶಾಲೆಗಳಿಗೆ ಹೊಂದುವಂತೆ ರೂಪಿಸಿ, ಹೊರಗಿನ ತಜ್ಞರ ಬದಲು ಶಾಲೆಯ ಶಿಕ್ಷಕರೇ ಚಟುವಟಿಕೆ ನಡೆಸುವ ವ್ಯವಸ್ಥೆ ಮಾಡಿದರು. 605 ವಿದ್ಯಾರ್ಥಿಗಳನ್ನು ತರಬೇತಿ ಪಡೆಯದ 423 ವಿದ್ಯಾರ್ಥಿಗಳೊಂದಿಗೆ ಹೋಲಿಸಿ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮಗೊಂಡಿದ್ದವು; ಮನೆಯಲ್ಲಿ ಮತ್ತು ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಅವರು ಮುಚ್ಚಿಡದೆ ಬರೆದರು. ತಂಬಾಕಿನ ಬಳಕೆಯನ್ನೇ ನೇರವಾಗಿ ಅಳೆದದ್ದು ಮೈತ್ರಿ ಎಂಬ ಯೋಜನೆ. ದೆಹಲಿ ಮತ್ತು ಚೆನ್ನೈ ನಗರಗಳ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ಅದು ನಡೆಯಿತು. ಆರಂಭದಲ್ಲಿ ಮಾಡಿದ ಸಮೀಕ್ಷೆಯಲ್ಲಿ ತಂಬಾಕಿನ ರುಚಿ ನೋಡಿದ್ದವರು ಎಂಟನೆಯ ತರಗತಿಯಲ್ಲಿ ಸುಮಾರು ಶೇ 9, ಆರನೆಯ ತರಗತಿಯಲ್ಲಿ ಸುಮಾರು ಶೇ 25ರಷ್ಟಿದ್ದರು. ಚಟ ಎಳೆಯ ವಯಸ್ಸಿಗೆ ಇಳಿಯುತ್ತಿದೆಯೆಂಬ ಆತಂಕವನ್ನು ಇದು ಹುಟ್ಟಿಸಿತು. ತರಗತಿಯ ಚಟುವಟಿಕೆ, ಸಹಪಾಠಿಗಳ ನಾಯಕತ್ವ, ಭಿತ್ತಿಪತ್ರ, ತಂದೆತಾಯಿಗಳಿಗೆ ಅಂಚೆ ಕಾರ್ಡು ಇವುಗಳನ್ನೊಳಗೊಂಡ ಎರಡು ವರ್ಷಗಳ ಬಳಿಕ ಪಾಠವಿಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿದ್ದರೆ, ಪಾಠವಿದ್ದ ಶಾಲೆಗಳಲ್ಲಿ ಶೇ 17ರಷ್ಟು ಇಳಿದಿತ್ತು.

ಕಾನೂನಿನ ಕಡೆಯಿಂದ, 2003ರ ತಂಬಾಕು ನಿಯಂತ್ರಣ ಕಾಯ್ದೆ ಶಿಕ್ಷಣ ಸಂಸ್ಥೆಗಳ ನೂರು ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿತು; ಕರ್ನಾಟಕ 2013ರಲ್ಲಿ ಗುಟ್ಕಾವನ್ನೂ 2016ರಲ್ಲಿ ಇ-ಸಿಗರೇಟನ್ನೂ ನಿಷೇಧಿಸಿತು; 2019ರಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳ ನಿಷೇಧ ದೇಶಕ್ಕೆಲ್ಲ ಅನ್ವಯವಾಯಿತು. ನೂರು ಗಜದ ನಿಯಮ ಗೂಡಂಗಡಿಯ ಮಟ್ಟದಲ್ಲಿ ಎಷ್ಟು ಪಾಲನೆಯಾಗುತ್ತದೆಂಬುದನ್ನು ಯಾವುದೇ ಪೇಟೆಯ ಶಾಲೆಯ ಎದುರು ನಿಂತವರು ಬಲ್ಲರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಸೀಮೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅಲ್ಲಿ ಸೊಪ್ಪನ್ನು ಹದಮಾಡುವ ಬ್ಯಾರನ್ನಿನ ಬೆಂಕಿಯ ಮುಂದೆ ರಾತ್ರಿಯಿಡೀ ಎದ್ದಿರುವ ತಂದೆತಾಯಿಗಳ ದುಡಿಮೆಯಿಂದಲೇ ಮಗುವಿನ ಪುಸ್ತಕ ಬರುತ್ತದೆ. ತಂಬಾಕು ಮುಟ್ಟಿದವರೆಲ್ಲ ಪಾಪಿಗಳೆಂಬ ಧಾಟಿಯ ಪಾಠ ಅಂಥ ತರಗತಿಯಲ್ಲಿ ಮಗುವನ್ನು ಅದರ ಮನೆಯ ವಿರುದ್ಧ ನಿಲ್ಲಿಸುತ್ತದೆ. ಬೆಳೆಯ ಅರ್ಥವ್ಯವಸ್ಥೆಯನ್ನೂ ಚಟದ ಹಾನಿಯನ್ನೂ ಬಿಡಿಸಿ ಹೇಳಬಲ್ಲ ಶಿಕ್ಷಕರಿಗೆ ಮಾತ್ರ ಅಲ್ಲಿ ಕಿವಿಗಳು ತೆರೆಯುತ್ತವೆ.

ಜಗತ್ತಿನ 134 ಅಧ್ಯಯನಗಳನ್ನೂ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳನ್ನೂ ಒಳಗೊಂಡು 2013ರಲ್ಲಿ ಪ್ರಕಟವಾದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, ಎಂದೂ ಸೇದದ ಮಕ್ಕಳಿಗೆ ಕಲಿಸಿದ ಪಾಠಗಳ ಪರಿಣಾಮ ಮೊದಲ ವರ್ಷದಲ್ಲಿ ಕಾಣದಿದ್ದರೂ ದೀರ್ಘಾವಧಿಯಲ್ಲಿ ಧೂಮಪಾನ ಆರಂಭಿಸುವವರು ಸುಮಾರು ಶೇ 12ರಷ್ಟು ಕಡಿಮೆಯಾದರು. ಸಾಮಾಜಿಕ ಕೌಶಲಗಳನ್ನು ಕಲಿಸಿದ ಪಾಠಗಳು ಫಲ ಕೊಟ್ಟವು, ಬರಿಯ ಮಾಹಿತಿಯ ಪಾಠಗಳು ಫಲ ಕೊಟ್ಟುದಕ್ಕೆ ಆಧಾರ ಸಿಗಲಿಲ್ಲ. ಹೀಗಿದ್ದರೂ ಒಂದು ದಿನದ ಉಪನ್ಯಾಸ, ಒಂದು ಜಾಥಾ, ಸಾಮೂಹಿಕ ಪ್ರತಿಜ್ಞೆ ಇಷ್ಟರಲ್ಲಿಯೇ ವ್ಯಸನಮುಕ್ತಿಯ ಕೆಲಸ ಮುಗಿಯಿತೆಂದು ವರದಿ ಬರೆಯುವ ಪದ್ಧತಿ ನಮ್ಮ ಶಾಲೆಗಳಲ್ಲಿ ಉಳಿದಿದೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಮಕ್ಕಳಲ್ಲಿ ತಂಬಾಕು ಬಳಸುತ್ತಿದ್ದವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2. ಕರ್ನಾಟಕದ ನೂರು ಮಕ್ಕಳಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ತಂಬಾಕನ್ನು ಬಳಸುತ್ತಿಲ್ಲ ಎಂಬ ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ, ಹೆದರಿಕೆಯಿಲ್ಲ. ಅದನ್ನು ರಾಜ್ಯದ ಪ್ರತಿ ಎಂಟನೆಯ ತರಗತಿಯ ಕರಿಹಲಗೆಯ ಮೇಲೆ ಬರೆದು, ಅಲ್ಲಿಂದ ಪಾಠವನ್ನು ಆರಂಭಿಸಬೇಕು.